ಅಂಕಪಟ್ಟಿ ಜೊತೆಗೆ ಬರುತ್ತದೆ, ಸಹಾಯಧನ ಬರುವುದಿಲ್ಲ



ಜೂನ್ ತಿಂಗಳ ಮಳೆಯ ಜೊತೆಯಲ್ಲೇ ಹೊರನಾಡಿನ ಕನ್ನಡ ಸಂಘಗಳ ಕಚೇರಿಗಳಿಗೆ ವಿದ್ಯಾರ್ಥಿವೇತನದ ಅರ್ಜಿಗಳೂ ಬರಲಾರಂಭಿಸುತ್ತವೆ. ಹತ್ತನೆಯ ತರಗತಿ ಪಾಸಾದವರಿಗೆ ಏನು ಸಿಗುತ್ತದೆ, ಹನ್ನೆರಡನೆಯದು ಪಾಸಾದವರಿಗೆ ಏನು ಸಿಗುತ್ತದೆ ಎಂಬುದನ್ನು ಹೇಳುವವರು ಬಹಳ ಮಂದಿ. ಶಾಲೆಯ ಗುರುಗಳು ಹೇಳುತ್ತಾರೆ, ಪತ್ರಿಕೆಗಳು ಬರೆಯುತ್ತವೆ, ಚಾಳಿನ ಹಿರಿಯರು ಹೇಳುತ್ತಾರೆ. ಆದರೆ ಒಂದು ಕಾಲೇಜಿನಲ್ಲಿ ಅರ್ಧ ದಾರಿ ಓದಿ ಇನ್ನೊಂದು ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರಿಗೆ ಹಣದ ದಾರಿ ಹೇಳುವವರು ಕಡಿಮೆ. ಅಂಥವರು ನಮ್ಮಲ್ಲಿ ಕಡಿಮೆಯೇನೂ ಇಲ್ಲ.

ಇವರಲ್ಲಿ ಮೂರು ಬಗೆ. ಹತ್ತನೆಯ ತರಗತಿಯ ನಂತರ ಪಾಲಿಟೆಕ್ನಿಕ್ ಸೇರಿ ಡಿಪ್ಲೊಮಾ ಮುಗಿಸಿ, ನೇರವಾಗಿ ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ಹೋಗುವವರು ಒಂದು ಬಗೆ. ಅದೇ ಪದವಿಯನ್ನು ಮುಂದುವರಿಸಲು ಬೇರೆ ಕಾಲೇಜಿಗೋ ಬೇರೆ ಊರಿಗೋ ಹೋಗುವವರು ಎರಡನೆಯ ಬಗೆ. ತಂದೆಗೆ ವರ್ಗವಾಯಿತು, ಮನೆ ಡೊಂಬಿವಲಿಯಿಂದ ಪುಣೆಗೆ ಹೋಯಿತು ಎಂಬಂಥ ಕಾರಣಗಳು ಇಲ್ಲಿ ಸಾಮಾನ್ಯ. ಹಿಡಿದ ವಿಷಯ ಒಗ್ಗದೆ, ಅದನ್ನು ಬಿಟ್ಟು ಮತ್ತೆ ಮೊದಲ ವರ್ಷದಿಂದ ಬೇರೆ ಕೋರ್ಸು ಹಿಡಿಯುವವರು ಮೂರನೆಯ ಬಗೆ.

ಈ ಮೂವರೂ ಸಾಮಾನ್ಯವಾಗಿ ಒಂದೇ ರೀತಿ ಯೋಚಿಸುತ್ತಾರೆ. ಅಂಕಪಟ್ಟಿ ನನ್ನ ಕೈಯಲ್ಲಿದೆ, ಕಲಿತದ್ದು ನನ್ನ ಜೊತೆ ಬರುತ್ತದೆ, ಆದ್ದರಿಂದ ಸಿಗುತ್ತಿದ್ದ ವಿದ್ಯಾರ್ಥಿವೇತನವೂ ಬಂದೀತು ಎಂದು. ಅಂಕಪಟ್ಟಿ ಬರುವುದು ನಿಜ. 2021ರಲ್ಲಿ ಯು.ಜಿ.ಸಿ. ಹೊರಡಿಸಿದ ನಿಯಮದಂತೆ ‘ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್’ ಎಂಬ ವ್ಯವಸ್ಥೆಯೂ ಇದೆ. ನೀವು ಗಳಿಸಿದ ಕ್ರೆಡಿಟ್‌ಗಳು ಬ್ಯಾಂಕಿನ ಠೇವಣಿಯ ಹಾಗೆ ನಿಮ್ಮ ಹೆಸರಿನಲ್ಲಿ ಜಮೆಯಾಗಿರುತ್ತವೆ. ಆದರೆ ಹಣ ಹಾಗಲ್ಲ. ಸಹಾಯಧನವೆಂಬುದು ನಿಮ್ಮ ಹೆಸರಿಗಿಂತ ಹೆಚ್ಚಾಗಿ ನಿಮ್ಮ ಸೀಟಿಗೆ, ನಿಮ್ಮ ಕೋರ್ಸಿಗೆ ಮತ್ತು ನಿಮ್ಮ ರಾಜ್ಯಕ್ಕೆ ಕಟ್ಟುಬಿದ್ದಿರುತ್ತದೆ. ಈ ಮೂರು ಕಟ್ಟುಗಳನ್ನು ತಿಳಿಯದೆ ಹೊರಟವರು ಆಗಸ್ಟ್ ತಿಂಗಳಲ್ಲಿ, ಹಳೆಯ ಕಾಲೇಜು ಬಿಟ್ಟು ಹೊಸ ಕಾಲೇಜಿನ ಫೀಸಿನ ಚೀಟಿ ಕೈಗೆ ಬಂದಾಗ, ಕಂಗಾಲಾಗುತ್ತಾರೆ.

ಮೊದಲನೆಯ ಕಟ್ಟು: ಸೀಟು

ಕೆಲವು ನೆರವು ಮೊದಲ ವರ್ಷದಲ್ಲಿ ಅರ್ಜಿ ಹಾಕಿದವರಿಗೆ ಮಾತ್ರ. ರಿಲಯನ್ಸ್ ಫೌಂಡೇಶನ್ ಪದವಿ ವಿದ್ಯಾರ್ಥಿಗಳಿಗೆ ಕೊಡುವ ವೇತನ ಇದಕ್ಕೆ ಉದಾಹರಣೆ. ಪದವಿಯ ಅವಧಿಗೆ 2 ಲಕ್ಷ ರೂಪಾಯಿಗಳವರೆಗೆ ಸಿಗಬಹುದಾದ ಈ ನೆರವು ಹನ್ನೆರಡನೆಯ ತರಗತಿ ಮುಗಿಸಿ ಮೊದಲ ವರ್ಷದಲ್ಲಿರುವವರಿಗೆ ಮೀಸಲು. ನೇರ ಎರಡನೆಯ ವರ್ಷಕ್ಕೆ ಬಂದವರಿಗೆ ಆ ಬಾಗಿಲು ತೆರೆಯುವುದಿಲ್ಲ. ಖಾಸಗಿ ಟ್ರಸ್ಟುಗಳ ಅರ್ಜಿಗಳಲ್ಲಿ ಇಂಥ ಷರತ್ತು ಸಾಮಾನ್ಯ. ಮೊತ್ತ ನೋಡುವ ಮೊದಲು ಇದನ್ನು ನೋಡಬೇಕು.

ಇನ್ನು ಕೆಲವು ನೆರವು ಸೀಟಿನ ಜೊತೆಗೇ ಹುಟ್ಟಿ ಸೀಟಿನ ಜೊತೆಗೇ ಮುಗಿಯುತ್ತದೆ. ಎ.ಐ.ಸಿ.ಟಿ.ಇ.ಯ ಬೋಧನಾ ಶುಲ್ಕ ವಿನಾಯಿತಿ ಯೋಜನೆಯಲ್ಲಿ ಒಂದೊಂದು ಕೋರ್ಸಿಗೂ ಶೇಕಡಾ 5ರಷ್ಟು ಹೆಚ್ಚುವರಿ ಸೀಟುಗಳಿವೆ. ಮನೆಯ ವಾರ್ಷಿಕ ಆದಾಯ 8 ಲಕ್ಷದೊಳಗಿರುವ ಪ್ರತಿಭಾವಂತರಿಗೆ ಇಲ್ಲಿ ಬೋಧನಾ ಶುಲ್ಕ ಇರುವುದಿಲ್ಲ. ಆದರೆ ಹೀಗೆ ಸೇರಿದವರು ಮುಂದೆ ಯಾವ ಕಾರಣಕ್ಕೂ ಸಂಸ್ಥೆಯನ್ನಾಗಲಿ ಕೋರ್ಸನ್ನಾಗಲಿ ಬದಲಿಸುವಂತಿಲ್ಲ. ಅಂಥ ಸೀಟಿನಲ್ಲಿರುವ ಹುಡುಗ ‘ಮನೆಗೆ ಹತ್ತಿರದ ಕಾಲೇಜಿಗೆ ಹೋಗುತ್ತೇನೆ’ ಎಂದರೆ ಮನೆಯ ಲೆಕ್ಕಾಚಾರವೇ ತಲೆಕೆಳಗಾಗುತ್ತದೆ.

ಮಹಾರಾಷ್ಟ್ರದಲ್ಲಿರುವ ನಮ್ಮವರು ಇನ್ನೊಂದು ಮಾತನ್ನು ನೆನಪಿಡಬೇಕು. ಇಲ್ಲಿಯ ಸರಕಾರದ ಶುಲ್ಕ ನೆರವು ಬಹುಪಾಲು ‘ಕ್ಯಾಪ್’ ಎಂದು ಕರೆಯುವ ಕೇಂದ್ರೀಕೃತ ಪ್ರವೇಶ ಪ್ರಕ್ರಿಯೆಯ ಮೂಲಕ ಸೀಟು ಪಡೆದವರಿಗೆ ಮಾತ್ರ. ಒಳ್ಳೆಯ ಕಾಲೇಜು ಸಿಕ್ಕಲಿಲ್ಲವೆಂದು ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಸೇರಿದರೆ ಹೆಚ್ಚಿನ ಫೀಸನ್ನು ಕೊಡುವುದಲ್ಲದೆ, ಸಿಗಬಹುದಾಗಿದ್ದ ನೆರವನ್ನೂ ಕಳೆದುಕೊಳ್ಳುತ್ತೇವೆ. ಒಂದೇ ಸೀಟಿಗೆ ಎರಡು ಸಲ ಬೆಲೆ ತೆತ್ತಂತೆ!

ಎರಡನೆಯ ಕಟ್ಟು: ಕೋರ್ಸು

ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗಿರುವ ಪೋಸ್ಟ್ ಮೆಟ್ರಿಕ್ ವಿದ್ಯಾರ್ಥಿವೇತನ ನಮ್ಮ ದೇಶದ ಹಳೆಯ ಮತ್ತು ದೊಡ್ಡ ನೆರವುಗಳಲ್ಲಿ ಒಂದು. ಮನೆಯ ಆದಾಯ ವರ್ಷಕ್ಕೆ 2.5 ಲಕ್ಷದೊಳಗಿರಬೇಕು. ಇದರ ನಿಯಮಗಳಲ್ಲಿ ನಡುದಾರಿಯವರು ತಿಳಿಯಬೇಕಾದ ಎರಡು ಮಾತುಗಳಿವೆ. ರಾಜ್ಯ ಸರಕಾರದ ಪೂರ್ವಾನುಮತಿಯಿಲ್ಲದೆ ವಿಷಯವನ್ನೋ ಸಂಸ್ಥೆಯನ್ನೋ ಬದಲಿಸಿದರೆ ವೇತನ ರದ್ದಾಗಬಹುದು. ಕೊಟ್ಟ ಹಣವನ್ನು ಮರಳಿ ಕೇಳಲೂಬಹುದು. ಇದು ಮೊದಲನೆಯದು. ಒಂದು ಹಂತದ ಶಿಕ್ಷಣವನ್ನು ಮುಗಿಸಿದ ಮೇಲೆ ಅದೇ ಹಂತದಲ್ಲಿ ಬೇರೆ ವಿಷಯ ಓದುವವರಿಗೆ ವೇತನವಿಲ್ಲ ಎಂಬುದು ಎರಡನೆಯದು.

ಇಲ್ಲಿ ‘ಪೂರ್ವಾನುಮತಿ’ ಎಂಬ ಒಂದು ಶಬ್ದದ ಮೇಲೆ ಎಲ್ಲವೂ ನಿಂತಿದೆ. ಬದಲಾವಣೆಯೇ ತಪ್ಪಲ್ಲ, ಕೇಳದೆ ಬದಲಿಸುವುದು ತಪ್ಪು. ಹಳೆಯ ಕಾಲೇಜಿನಲ್ಲಿ ಟಿ.ಸಿ. ಕೇಳುವ ಮೊದಲು ಸಮಾಜ ಕಲ್ಯಾಣ ಇಲಾಖೆಗೆ ಒಂದು ಅರ್ಜಿ ಬರೆದು, ಅದರ ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡರೆ ಮುಂದಿನ ಎಷ್ಟೋ ಅಲೆದಾಟ ತಪ್ಪುತ್ತದೆ.

ಬ್ಯಾಂಕಿನ ಸಾಲಕ್ಕೂ ಇದೇ ಮಾತು. ಸಾಲದ ಮಂಜೂರಾತಿ ಪತ್ರದಲ್ಲಿ ಕಾಲೇಜಿನ ಹೆಸರು, ಕೋರ್ಸಿನ ಹೆಸರು ಎರಡೂ ಇರುತ್ತವೆ. ಫೀಸಿನ ಹಣವನ್ನು ಬ್ಯಾಂಕು ನೇರವಾಗಿ ಕಾಲೇಜಿಗೇ ಕಳಿಸುತ್ತದೆ. ಮ್ಯಾನೇಜರರಿಗೆ ತಿಳಿಸದೆ ಕಾಲೇಜು ಬದಲಿಸಿದರೆ ಮುಂದಿನ ಕಂತು ನಿಲ್ಲುವುದು ಸಹಜ. ಕೇಂದ್ರ ಸರಕಾರದ ಬಡ್ಡಿ ಸಹಾಯಧನದ ಯೋಜನೆಯಲ್ಲಿ ಓದನ್ನು ನಡುವೆ ಬಿಟ್ಟವರಿಗೆ, ಅನಾರೋಗ್ಯದ ಕಾರಣ ಬಿಟ್ಟರೆ, ಸಹಾಯಧನವಿಲ್ಲ. ಆದ್ದರಿಂದ ನೀವು ಓದು ‘ಬಿಟ್ಟವರು’ ಅಲ್ಲ, ‘ಬದಲಿಸಿದವರು’ ಎಂಬುದಕ್ಕೆ ಬ್ಯಾಂಕಿನ ಕಡತದಲ್ಲಿ ಕಾಗದವಿರಬೇಕು.

ಮೂರನೆಯ ಕಟ್ಟು: ನಾವು ಯಾವ ರಾಜ್ಯದವರು?

ಇದು ನಮ್ಮ ಹೊಟ್ಟೆಗೆ ಹತ್ತಿರದ ಪ್ರಶ್ನೆ. ಮನೆಯಲ್ಲಿ ಕನ್ನಡ ಅಥವಾ ತುಳು, ಬೀದಿಯಲ್ಲಿ ಮರಾಠಿ ಅಥವಾ ತಮಿಳು, ತೆಲುಗು, ಹಿಂದಿ. ವರ್ಷಕ್ಕೊಮ್ಮೆ ಊರ ಜಾತ್ರೆಗೋ ಭೂತದ ಕೋಲಕ್ಕೋ ಹೋಗಿ ಬರುತ್ತೇವೆ. ಯಾರಾದರೂ ‘ನಿಮ್ಮೂರು ಯಾವುದು’ ಎಂದರೆ ಅಜ್ಜನ ಊರಿನ ಹೆಸರು ಬಾಯಿಗೆ ಬರುತ್ತದೆ. ಆದರೆ ಸರಕಾರದ ಅರ್ಜಿಯಲ್ಲಿ ಈ ಪ್ರಶ್ನೆಗೆ ಒಂದೇ ಉತ್ತರ ಬರೆಯಬೇಕು, ಮತ್ತು ಅದಕ್ಕೆ ಕಾಗದದ ಆಧಾರ ಬೇಕು.

1990ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಒಂದು ತೀರ್ಪು ಕೊಟ್ಟಿತು. ಅದು ಮುಂಬಯಿಯ ಪರೇಲಿನಲ್ಲಿರುವ ಸೇಠ್ ಜಿ.ಎಸ್. ಮೆಡಿಕಲ್ ಕಾಲೇಜಿನ ಪ್ರವೇಶಕ್ಕೆ ಸಂಬಂಧಪಟ್ಟದ್ದು. ಆಂಧ್ರಪ್ರದೇಶದಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ ಕುಟುಂಬದ ಹುಡುಗನೊಬ್ಬ, ತಂದೆಯ ನೌಕರಿಯ ಕಾರಣ ಚಿಕ್ಕಂದಿನಲ್ಲೇ ಮುಂಬಯಿಗೆ ಬಂದು ಇಲ್ಲಿಯೇ ಓದಿದ್ದ. ಮಹಾರಾಷ್ಟ್ರದಲ್ಲಿ ಅವನಿಗೆ ಮೀಸಲಾತಿ ಸಿಗಬೇಕೇ ಎಂಬುದು ಪ್ರಶ್ನೆ. ಪರಿಶಿಷ್ಟರ ಪಟ್ಟಿ ಆಯಾ ರಾಜ್ಯಕ್ಕೆ ಸಂಬಂಧಿಸಿ ಮಾಡಿದ್ದು. ರಾಜ್ಯ ಬಿಟ್ಟು ಬಂದವರಿಗೆ ಬಂದ ರಾಜ್ಯದಲ್ಲಿ ಆ ಸೌಲಭ್ಯವಿಲ್ಲ ಎಂದು ನ್ಯಾಯಾಲಯ ಹೇಳಿತು. 2018ರಲ್ಲಿ ಇನ್ನೊಂದು ಸಂವಿಧಾನ ಪೀಠವೂ ಈ ತತ್ತ್ವವನ್ನು ಎತ್ತಿಹಿಡಿಯಿತು. ಬಿಟ್ಟುಬಂದ ರಾಜ್ಯದಲ್ಲಿರುವ ಹಕ್ಕು ಹೋಗುವುದಿಲ್ಲ. ಬಂದ ರಾಜ್ಯದಲ್ಲಿ ಮಾತ್ರ ಹೊಸದಾಗಿ ಹುಟ್ಟುವುದಿಲ್ಲ. ಐ.ಐ.ಟಿ., ಎನ್.ಐ.ಟಿ.ಗಳಂಥ ಕೇಂದ್ರದ ಸಂಸ್ಥೆಗಳಲ್ಲಿ ಮೂಲ ರಾಜ್ಯದ ಪ್ರಮಾಣಪತ್ರವೇ ನಡೆಯುತ್ತದೆ. ಪೋಸ್ಟ್ ಮೆಟ್ರಿಕ್ ವೇತನದ ನಿಯಮವೂ ಇದೇ ದಾರಿಯದು. ಒಂದು ರಾಜ್ಯದವರು ಇನ್ನೊಂದು ರಾಜ್ಯದಲ್ಲಿ ಓದುತ್ತಿದ್ದರೆ ವೇತನ ಕೊಡಬೇಕಾದದ್ದು ಅವರು ಸೇರಿದ ರಾಜ್ಯ.

ಮಹಾರಾಷ್ಟ್ರದಲ್ಲಿ ಜಾತಿ ಪ್ರಮಾಣಪತ್ರ ಪಡೆಯಲು ಕುಟುಂಬ ಇಲ್ಲಿ ನೆಲೆಸಿದ್ದ ದಿನಾಂಕವನ್ನು ನೋಡುತ್ತಾರೆ. ಪರಿಶಿಷ್ಟ ಜಾತಿಗೆ 10 ಆಗಸ್ಟ್ 1950, ಪರಿಶಿಷ್ಟ ಪಂಗಡಕ್ಕೆ 6 ಸೆಪ್ಟೆಂಬರ್ 1950, ವಿಮುಕ್ತ ಜಾತಿ ಮತ್ತು ಅಲೆಮಾರಿ ಬುಡಕಟ್ಟುಗಳಿಗೆ 21 ನವೆಂಬರ್ 1961, ಇತರ ಹಿಂದುಳಿದ ವರ್ಗಗಳಿಗೆ 13 ಅಕ್ಟೋಬರ್ 1967. ಈ ದಿನಾಂಕಗಳಿಗೆ ಮೊದಲು ನಿಮ್ಮ ಅಜ್ಜನೋ ಮುತ್ತಜ್ಜನೋ ಇಲ್ಲಿದ್ದರೆಂಬುದಕ್ಕೆ ಆಧಾರ ತೋರಿಸಬೇಕು.

ಇಲ್ಲಿ ನಮ್ಮ ಹಿರಿಯರ ಕಷ್ಟದ ಬದುಕೇ ನಮಗೆ ನೆರವಾಗಬಹುದು. ಹಗಲು ಹೋಟೆಲಿನಲ್ಲೋ ಮಿಲ್ಲಿನಲ್ಲೋ ದುಡಿದು, ರಾತ್ರಿ ಕನ್ನಡ ರಾತ್ರಿ ಶಾಲೆಯ ಬೆಂಚಿನ ಮೇಲೆ ಕೂತು ಅಕ್ಷರ ಕಲಿತವರು ಅವರು. ಆ ಶಾಲೆ ಬಿಟ್ಟ ಸರ್ಟಿಫಿಕೇಟು, ಮಿಲ್ಲಿನ ಸೇವಾ ಪುಸ್ತಕ, ಖೋಲಿಯ ಬಾಡಿಗೆಯ ರಶೀದಿ, ಹಳೆಯ ರೇಷನ್ ಕಾರ್ಡು ಇವೆಲ್ಲ ಟ್ರಂಕಿನ ತಳದಲ್ಲಿ ಹಳದಿಗಟ್ಟಿ ಬಿದ್ದಿರುತ್ತವೆ. ಮನೆ ಬದಲಿಸುವಾಗ ಇವನ್ನು ರದ್ದಿಗೆ ಹಾಕಬೇಡಿ. 1967ಕ್ಕೆ ಮೊದಲಿನ ಒಂದು ಕಾಗದ ಇಂದಿನ ಮೂರು ವರ್ಷದ ಫೀಸಿನಷ್ಟು ಬೆಲೆಬಾಳಬಹುದು.

ಕುಟುಂಬ ಆ ದಿನಾಂಕಗಳ ನಂತರ ಬಂದಿದ್ದರೆ? ಆಗ ಹುಡುಗರಿಗೆ ಅತ್ತ ದರಿ ಇತ್ತ ಪುಲಿ ಎನ್ನಿಸುತ್ತದೆ. ಇಲ್ಲಿ ಜಾತಿಯ ಕಾಗದವಿಲ್ಲ, ಅಲ್ಲಿ ವಾಸದ ಕಾಗದವಿಲ್ಲ. ಆದರೆ ನಿರಾಶರಾಗಬೇಕಿಲ್ಲ. ಜಾತಿಯನ್ನಲ್ಲದೆ ಆದಾಯವನ್ನು ನೋಡುವ, ಅಜ್ಜನನ್ನಲ್ಲದೆ ನಿಮ್ಮನ್ನೇ ನೋಡುವ ನೆರವುಗಳೂ ಇವೆ. ಮಹಾರಾಷ್ಟ್ರದಲ್ಲಿ 15 ವರ್ಷ ವಾಸವಾಗಿದ್ದವರಿಗೆ ವಾಸ್ತವ್ಯದ, ಅಂದರೆ ಡೊಮಿಸೈಲ್ ಪ್ರಮಾಣಪತ್ರ ಸಿಗುತ್ತದೆ. ಇಲ್ಲಿಯೇ ಹುಟ್ಟಿ ಬೆಳೆದವರಿಗೆ ಇದು ಕಷ್ಟವಲ್ಲ. ಹತ್ತನೆಯ ತರಗತಿ ಮುಗಿದ ಕೂಡಲೇ ಮಾಡಿಸಿ ಇಟ್ಟುಕೊಳ್ಳಿ.

ಗಡಿ ದಾಟುವ ನೆರವು

ಕಟ್ಟುಗಳ ಮಾತಾಯಿತು. ಇನ್ನು ನಡುದಾರಿಯಲ್ಲಿ ಬರುವವರನ್ನು ಕರೆದು ಕೂರಿಸುವ ನೆರವುಗಳ ಮಾತು.

ಎ.ಐ.ಸಿ.ಟಿ.ಇ.ಯ ‘ಪ್ರಗತಿ’ ವಿದ್ಯಾರ್ಥಿವೇತನ ಹುಡುಗಿಯರಿಗಾಗಿ ಇರುವುದು. ವರ್ಷಕ್ಕೆ 50,000 ರೂಪಾಯಿ. ಮನೆಯ ಆದಾಯ 8 ಲಕ್ಷದೊಳಗಿರಬೇಕು. ಒಂದು ಮನೆಯಿಂದ ಇಬ್ಬರು ಹೆಣ್ಣುಮಕ್ಕಳವರೆಗೆ ಪಡೆಯಬಹುದು. ಪದವಿಯ ಮೊದಲ ವರ್ಷದವರ ಜೊತೆಗೆ ‘ಲ್ಯಾಟರಲ್ ಎಂಟ್ರಿ’ಯಿಂದ ಎರಡನೆಯ ವರ್ಷಕ್ಕೆ ಸೇರಿದವರೂ ಇದಕ್ಕೆ ಅರ್ಹರೆಂದು ನಿಯಮದಲ್ಲೇ ಬರೆದಿದೆ. ಅಂದರೆ ಡಿಪ್ಲೊಮಾ ಮುಗಿಸಿ ಬಂದ ಹುಡುಗಿಗೆ ಮೂರು ವರ್ಷಕ್ಕೆ ಒಟ್ಟು 1,50,000 ರೂಪಾಯಿ. ಕಾಲೇಜಿಗೆ ಎ.ಐ.ಸಿ.ಟಿ.ಇ. ಮಾನ್ಯತೆ ಇರಬೇಕು. ಶೇಕಡಾ 40 ಅಥವಾ ಹೆಚ್ಚು ಅಂಗವೈಕಲ್ಯವಿರುವ ಹುಡುಗ ಹುಡುಗಿಯರಿಗೆ ‘ಸಕ್ಷಮ್’ ಎಂಬ ಇಂಥದೇ ಯೋಜನೆಯಿದೆ. ಅನಾಥ ಮಕ್ಕಳಿಗೆ, ಕೋವಿಡ್‌ನಿಂದ ತಂದೆತಾಯಿಯನ್ನು ಕಳೆದುಕೊಂಡವರಿಗೆ, ಹುತಾತ್ಮ ಯೋಧರ ಮಕ್ಕಳಿಗೆ ‘ಸ್ವನಾಥ್’ ಇದೆ. ಇವೆರಡರ ಮೊತ್ತವೂ ವರ್ಷಕ್ಕೆ 50,000 ರೂಪಾಯಿ. ಮುಂಬಯಿಯಾಗಲಿ ಚೆನ್ನೈಯಾಗಲಿ ಹೈದರಾಬಾದಾಗಲಿ, ಎಲ್ಲ ಕಡೆ ಒಂದೇ ನಿಯಮ. ಅರ್ಜಿಯನ್ನು ರಾಷ್ಟ್ರೀಯ ವಿದ್ಯಾರ್ಥಿವೇತನದ ಪೋರ್ಟಲ್ಲಿನಲ್ಲಿ ಹಾಕಬೇಕು.

ಮಹಾರಾಷ್ಟ್ರದ ವಾಸ್ತವ್ಯದ ಪ್ರಮಾಣಪತ್ರವಿದ್ದವರಿಗೆ ರಾಜರ್ಷಿ ಛತ್ರಪತಿ ಶಾಹು ಮಹಾರಾಜ್ ಶಿಕ್ಷಣ ಶುಲ್ಕ ಯೋಜನೆ ಇದೆ. ಇದು ಆದಾಯವನ್ನು ಆಧರಿಸಿದ್ದು. ಮಿತಿ 8 ಲಕ್ಷ. ಬೋಧನಾ ಶುಲ್ಕದ ಅರ್ಧವನ್ನು ಸರಕಾರ ಕೊಡುತ್ತದೆ. ಒಂದು ಮನೆಯ ಎರಡು ಮಕ್ಕಳಿಗೆ ಮಾತ್ರ. ಆರ್ಥಿಕವಾಗಿ ದುರ್ಬಲ ವರ್ಗ, ಸಾಮಾಜಿಕ ಮತ್ತು ಶೈಕ್ಷಣಿಕವಾಗಿ ಹಿಂದುಳಿದ ವರ್ಗ ಹಾಗೂ ಇತರ ಹಿಂದುಳಿದ ವರ್ಗಗಳ ಹುಡುಗಿಯರಿಗೆ 2024-25ರಿಂದ ವೃತ್ತಿಪರ ಕೋರ್ಸುಗಳ ಬೋಧನಾ ಶುಲ್ಕ ಪೂರ್ತಿ ಸಿಗುವಂತೆ ರಾಜ್ಯ ಸರಕಾರ ಆದೇಶಿಸಿದೆ. ಇವೆಲ್ಲಕ್ಕೂ ‘ಮಹಾಡಿಬಿಟಿ’ ಪೋರ್ಟಲ್ಲಿನಲ್ಲಿ ಅರ್ಜಿ.

ಸಾಮಾನ್ಯವಾಗಿ ಒಬ್ಬ ವಿದ್ಯಾರ್ಥಿ ಸರಕಾರದ ಎರಡು ವೇತನಗಳನ್ನು ಒಟ್ಟಿಗೆ ಪಡೆಯುವಂತಿಲ್ಲ. ಆದ್ದರಿಂದ ಲೆಕ್ಕ ಹಾಕಿ ಆರಿಸಿಕೊಳ್ಳಬೇಕು. ಬೋಧನಾ ಶುಲ್ಕ ವರ್ಷಕ್ಕೆ 80,000 ರೂಪಾಯಿ ಎಂದು ಇಟ್ಟುಕೊಳ್ಳಿ. ಅರ್ಧ ಶುಲ್ಕದ ಯೋಜನೆಯಲ್ಲಿ ಸಿಗುವುದು 40,000, ಪ್ರಗತಿಯಲ್ಲಿ 50,000. ಶುಲ್ಕ 1,40,000 ಆದರೆ ಅರ್ಧ ಶುಲ್ಕವೇ 70,000 ಆಗುತ್ತದೆ. ಯಾವುದು ದೊಡ್ಡದೆಂಬುದು ಕಾಲೇಜಿನ ಮೇಲೆ ನಿಂತಿದೆ. ಒಂದು ವ್ಯತ್ಯಾಸವನ್ನೂ ಗಮನಿಸಿ: ಅರ್ಧ ಶುಲ್ಕದ ಯೋಜನೆ ಅರ್ಹತೆಯಿದ್ದವರಿಗೆ ಸಿಗುವಂಥದು, ಪ್ರಗತಿ ಅಂಕಗಳ ಸ್ಪರ್ಧೆಯಲ್ಲಿ ಸಿಗುವಂಥದು.

ಡಿಪ್ಲೊಮಾದ ದಾರಿಯೂ ಒಂದು ನೆರವೇ

ಡಿಪ್ಲೊಮಾ ಎಂದರೆ ಎರಡನೆಯ ದರ್ಜೆ ಎಂಬ ಭಾವನೆ ನಮ್ಮ ಮನೆಗಳಲ್ಲಿ ಇನ್ನೂ ಇದೆ. ವರ್ಷಗಳನ್ನು ಎಣಿಸಿ ನೋಡಿ. ಹತ್ತರ ನಂತರ ಎರಡು ವರ್ಷ ಜೂನಿಯರ್ ಕಾಲೇಜು, ನಾಲ್ಕು ವರ್ಷ ಇಂಜಿನಿಯರಿಂಗ್ ಸೇರಿ ಆರು. ಮೂರು ವರ್ಷ ಡಿಪ್ಲೊಮಾ, ಮೂರು ವರ್ಷ ಇಂಜಿನಿಯರಿಂಗ್ ಸೇರಿದರೂ ಆರು. ಸರಕಾರಿ ಪಾಲಿಟೆಕ್ನಿಕ್ಕಿನ ಫೀಸು ಖಾಸಗಿ ಇಂಜಿನಿಯರಿಂಗ್ ಕಾಲೇಜಿನದಕ್ಕಿಂತ ಎಷ್ಟೋ ಕಡಿಮೆ. ಪದವಿಯ ದುಬಾರಿ ವರ್ಷಗಳಲ್ಲಿ ಒಂದು ಕಡಿಮೆಯಾಗುತ್ತದೆ. ಕೋಚಿಂಗ್ ಕ್ಲಾಸಿನ ಖರ್ಚೂ ಉಳಿಯುತ್ತದೆ. ನಡುವೆ ಮನೆಯ ಪರಿಸ್ಥಿತಿ ಕೆಟ್ಟರೆ, ಕೈಯಲ್ಲಿ ನೌಕರಿ ಕೊಡಬಲ್ಲ ಒಂದು ಸರ್ಟಿಫಿಕೇಟು ಇರುತ್ತದೆ. 1887ರಲ್ಲಿ ಆರಂಭವಾಗಿ, ಈಗ ಮಾಟುಂಗದಲ್ಲಿರುವ ಹೆಸರಾಂತ ವಿ.ಜೆ.ಟಿ.ಐ. ಸಂಸ್ಥೆಯಲ್ಲೇ ಡಿಪ್ಲೊಮಾವೂ ಇದೆ, ಪದವಿಯೂ ಇದೆ.

ಆದರೆ ಎರಡನೆಯ ವರ್ಷಕ್ಕೆ ಹೋಗುವ ಕ್ರಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಮಹಾರಾಷ್ಟ್ರದಲ್ಲಿ ಡಿಪ್ಲೊಮಾದ ಅಂಕಗಳ ಮೇಲೆ ಸೀಟು. ತಮಿಳುನಾಡಿನಲ್ಲೂ ಪ್ರವೇಶ ಪರೀಕ್ಷೆಯಿಲ್ಲ. ತೆಲಂಗಾಣದಲ್ಲಿ ಇಸೆಟ್, ಕರ್ನಾಟಕದಲ್ಲಿ ಡಿಸಿಇಟಿ ಬರೆಯಬೇಕು. ಅಂಕಗಳ ಮೇಲೆಯೇ ಸೀಟು ಮತ್ತು ವೇತನ ಎರಡೂ ನಿಂತಿರುವಾಗ ಡಿಪ್ಲೊಮಾದ ಕೊನೆಯ ವರ್ಷವನ್ನು ಹಗುರವಾಗಿ ತೆಗೆದುಕೊಳ್ಳುವುದು ಹಣ ಚೆಲ್ಲಿದಂತೆ.

ಹನ್ನೆರಡರ ನಂತರ ಊರ ಕಡೆ ಓದಬೇಕೆನ್ನುವವರಿಗೆ ಒಂದು ಮಾತು. ಕರ್ನಾಟಕದ ಸಿಇಟಿಯಲ್ಲಿ ಹೊರನಾಡು ಮತ್ತು ಗಡಿನಾಡು ಕನ್ನಡಿಗರಿಗೆ ಪ್ರತ್ಯೇಕ ಅರ್ಹತೆಯ ವಿಧಿಯಿದೆ. ಅದಕ್ಕಾಗಿ ಪರೀಕ್ಷಾ ಪ್ರಾಧಿಕಾರ ಕನ್ನಡ ಭಾಷೆಯ ಪರೀಕ್ಷೆ ನಡೆಸುತ್ತದೆ. ಕನ್ನಡ ಓದಲು ಬರೆಯಲು ಬಂದರೆ ಸೀಟಿನ ಬಾಗಿಲು ತೆರೆಯುತ್ತದೆ. ನಮ್ಮ ಸಂಘದ ಭಾನುವಾರದ ಕನ್ನಡ ವರ್ಗಕ್ಕೆ ಚಕ್ಕರ್ ಹೊಡೆಯುವವರು ಗಮನಿಸಿರಿ! ಆದರೆ ಸೀಟಿನ ಅರ್ಹತೆ ಬೇರೆ, ವೇತನದ ಅರ್ಹತೆ ಬೇರೆ. ಒಂದು ಸಿಕ್ಕಿತೆಂದು ಇನ್ನೊಂದು ಸಿಕ್ಕೀತೆಂದು ಎಣಿಸಬಾರದು.

ಬಿಟ್ಟ ಕಾಲೇಜಿನಿಂದ ಬರಬೇಕಾದ ಹಣ

ಹೊಸ ಹಣ ಹುಡುಕುವ ಭರದಲ್ಲಿ ನಮ್ಮದೇ ಹಣವನ್ನು ಬಿಟ್ಟುಬರುವವರು ಅನೇಕರು. 2018ರ ಅಕ್ಟೋಬರಿನಲ್ಲಿ ಯು.ಜಿ.ಸಿ. ಹೊರಡಿಸಿದ ಅಧಿಸೂಚನೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಪ್ರವೇಶದ ಅಧಿಕೃತ ಕೊನೆಯ ದಿನಕ್ಕೆ 15 ದಿನ ಅಥವಾ ಹೆಚ್ಚು ಇರುವಾಗಲೇ ಸೀಟು ಬಿಟ್ಟರೆ ಶೇಕಡಾ 100, ಕಡಿಮೆ ದಿನವಿದ್ದರೆ ಶೇಕಡಾ 90, ಕೊನೆಯ ದಿನ ಕಳೆದು 15 ದಿನದೊಳಗೆ ಶೇಕಡಾ 80, 15ರಿಂದ 30 ದಿನದೊಳಗೆ ಶೇಕಡಾ 50 ಹಣ ವಾಪಸು. 30 ದಿನ ದಾಟಿದರೆ ಏನೂ ಇಲ್ಲ. ಪೂರ್ತಿ ವಾಪಸು ಮಾಡುವಾಗ ಕಾಲೇಜು ಹಿಡಿದುಕೊಳ್ಳಬಹುದಾದ ಖರ್ಚು ಶುಲ್ಕದ ಶೇಕಡಾ 5. ಅದೂ 5,000 ರೂಪಾಯಿ ಮೀರಬಾರದು. ನಂತರದ ವರ್ಷಗಳಲ್ಲಿ ವಿದ್ಯಾರ್ಥಿಗಳಿಗೆ ಇದಕ್ಕಿಂತ ಉದಾರವಾದ ಸೂಚನೆಗಳನ್ನೂ ಯು.ಜಿ.ಸಿ. ಹೊರಡಿಸಿದ್ದುಂಟು, ಆಯಾ ವರ್ಷದ ಸೂಚನೆ ನೋಡಿಕೊಳ್ಳಿ. ಇಂಜಿನಿಯರಿಂಗ್ ಸೀಟುಗಳಿಗೆ ಎ.ಐ.ಸಿ.ಟಿ.ಇ. ಮತ್ತು ರಾಜ್ಯದ ಪ್ರವೇಶ ಪ್ರಾಧಿಕಾರದ ವೇಳಾಪಟ್ಟಿ ಬೇರೆ ಇರುತ್ತದೆ.

ಆ ಅಧಿಸೂಚನೆ ಇನ್ನೆರಡು ಮಾತು ಹೇಳುತ್ತದೆ. ಸಂಸ್ಥೆಗಳು ಮೂಲ ಪ್ರಮಾಣಪತ್ರಗಳನ್ನು ತಮ್ಮಲ್ಲಿ ಇಟ್ಟುಕೊಳ್ಳುವಂತಿಲ್ಲ, ನೋಡಿ ಹಿಂತಿರುಗಿಸಬೇಕು. ನಡೆಯುವ ಸೆಮಿಸ್ಟರಿನ ಅಥವಾ ವರ್ಷದ ಹೊರತು ಮುಂದಿನ ವರ್ಷಗಳ ಫೀಸನ್ನು ಮುಂಗಡ ವಸೂಲು ಮಾಡುವಂತಿಲ್ಲ. ‘ಉಳಿದ ವರ್ಷಗಳ ಫೀಸು ಕಟ್ಟಿದರೆ ಮಾತ್ರ ಸರ್ಟಿಫಿಕೇಟು’ ಎಂದು ಯಾರಾದರೂ ಹೇಳಿದರೆ ಹೆದರಬೇಡಿ. ನಯವಾಗಿ, ಬರಹದಲ್ಲಿ, ಈ ಅಧಿಸೂಚನೆಯನ್ನು ಉಲ್ಲೇಖಿಸಿ ಕೇಳಿ. ಬಾಯಿಮಾತಿಗೆ ಇಲ್ಲದ ಬಲ ಕಾಗದಕ್ಕಿದೆ.

ಸಾಲ ಮಾಡುವುದಾದರೆ

ಸಾಲ ಎಂದರೆ ನಮ್ಮ ಹಿರಿಯರು ಬೆಚ್ಚಿಬೀಳುತ್ತಾರೆ. ಶಿಕ್ಷಣ ಸಾಲ ಬಡ್ಡಿ ವ್ಯಾಪಾರಿಯ ಸಾಲದಂತಲ್ಲ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ; ನಂತರ 15 ವರ್ಷಗಳವರೆಗೆ ಅವಧಿ ಸಿಗಬಹುದು. 7.5 ಲಕ್ಷದವರೆಗೆ ಸರಕಾರದ ಖಾತರಿ ನಿಧಿ ಇರುವುದರಿಂದ ಮನೆಯನ್ನೋ ಚಿನ್ನವನ್ನೋ ಒತ್ತೆ ಇಡುವ ಅಗತ್ಯವಿಲ್ಲ.

2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ‘ಪಿಎಂ ವಿದ್ಯಾಲಕ್ಷ್ಮಿ’ ಯೋಜನೆಗೆ ಒಪ್ಪಿಗೆ ನೀಡಿತು. ದೇಶದ ಆಯ್ದ ಗುಣಮಟ್ಟದ ಸಂಸ್ಥೆಗಳಲ್ಲಿ, ಮೊದಲಿಗೆ 860ರಲ್ಲಿ, ಸೀಟು ಪಡೆದವರಿಗೆ ಒತ್ತೆಯೂ ಜಾಮೀನುದಾರರೂ ಇಲ್ಲದೆ ಸಾಲ. ಆದಾಯ 8 ಲಕ್ಷದೊಳಗಿದ್ದು ಸರಕಾರದ ಬೇರೆ ನೆರವು ಪಡೆಯದವರಿಗೆ 10 ಲಕ್ಷದವರೆಗಿನ ಸಾಲದ ಮೇಲೆ ಬಡ್ಡಿಯಲ್ಲಿ ಶೇಕಡಾ 3ರ ರಿಯಾಯಿತಿ. ಕಾಲೇಜು ಬದಲಿಸುವವರು ಇಲ್ಲಿ ಗಮನಿಸಬೇಕಾದದ್ದು ಆ ಪಟ್ಟಿಯನ್ನು. ನೀವು ಬಿಡುವ ಕಾಲೇಜು ಪಟ್ಟಿಯಲ್ಲಿದ್ದು, ಸೇರುವ ಕಾಲೇಜು ಇಲ್ಲದಿದ್ದರೆ ನಷ್ಟ ನಿಮಗೇ. ಎರಡು ಕಾಲೇಜುಗಳ ನಡುವೆ ಮನಸ್ಸು ತೂಗುತ್ತಿದ್ದರೆ ಇದೂ ತಕ್ಕಡಿಯಲ್ಲಿ ಒಂದು ಕಲ್ಲು.

ನಮ್ಮ ಸಂಘಗಳ ಬಾಗಿಲು

ಸರಕಾರದ ಹಣ ಬರುವುದು ಖಚಿತವಾದರೂ ಬರುವ ದಿನ ಖಚಿತವಲ್ಲ. ಫೀಸಿನ ಕೊನೆಯ ದಿನ ಮಾತ್ರ ಖಚಿತ. ಈ ನಡುವಿನ ತಿಂಗಳುಗಳನ್ನು ದಾಟಿಸುವುದರಲ್ಲಿ ನಮ್ಮ ಸಂಘಗಳ ನೆರವಿಗೆ ನಿಜವಾದ ಬೆಲೆಯಿದೆ. ಹೊರನಾಡಿನ ಕನ್ನಡ ಸಂಘಗಳೂ ಸಮುದಾಯದ ಸಂಘಗಳೂ ವಿದ್ಯಾರ್ಥಿವೇತನಕ್ಕೆಂದು ದತ್ತಿನಿಧಿಗಳನ್ನು ಇಟ್ಟುಕೊಂಡಿವೆ. ಇಲ್ಲಿ ಡೊಮಿಸೈಲ್ ಕೇಳುವವರಿಲ್ಲ. ‘ಸಂಘದ ಮುಂದೆ ಕೈಚಾಚುವುದೇ’ ಎಂಬ ಸಂಕೋಚ ಮಾತ್ರ ನಮ್ಮ ಹೊಸ ತಲೆಮಾರಿನಲ್ಲಿ ಬೆಳೆಯುತ್ತಿದೆ. ಆ ನಿಧಿಗೆ ಹಣ ಹಾಕಿದವರಲ್ಲಿ ಅನೇಕರು ಹಿಂದೆ ತಾವೇ ಯಾರದೋ ನೆರವಿನಿಂದ ಓದಿದವರು. ಮಗು ಅತ್ತರಲ್ಲವೇ ತಾಯಿ ಹಾಲು ಕೊಡುವುದು?

ಅರ್ಜಿಯನ್ನು ಚೊಕ್ಕವಾಗಿ ಬರೆಯಿರಿ. ‘ಬಡತನವಿದೆ, ದಯವಿಟ್ಟು ಸಹಾಯ ಮಾಡಿ’ ಎಂಬ ಒಂದು ಸಾಲಿನಿಂದ ಸಮಿತಿಯವರಿಗೆ ಏನೂ ತಿಳಿಯುವುದಿಲ್ಲ. ವರ್ಷದ ಒಟ್ಟು ಫೀಸು ಎಷ್ಟು, ಯಾವ ನೆರವಿಗೆ ಅರ್ಜಿ ಹಾಕಿದ್ದೇನೆ, ಎಷ್ಟು ಬರಬಹುದು, ಮನೆಯಿಂದ ಎಷ್ಟು ಹೊಂದಿಸಬಹುದು, ಕೊರತೆ ಎಷ್ಟು, ಯಾವ ದಿನದೊಳಗೆ ಬೇಕು ಎಂಬ ಆರು ಸಾಲು ಬರೆಯಿರಿ. ಕಾಲೇಜು ಯಾಕೆ ಬದಲಿಸಿದಿರೆಂದು ಎರಡು ಸಾಲು ಸೇರಿಸಿ. ಇಲ್ಲದಿದ್ದರೆ ‘ಹಳೆಯ ಕಾಲೇಜಿನಲ್ಲಿ ಏನೋ ಎಡವಟ್ಟಾಗಿರಬೇಕು’ ಎಂದು ಎಣಿಸುವವರಿರುತ್ತಾರೆ.

ಪುಣೆಯಲ್ಲಿರುವವರಿಗೆ ಇನ್ನೊಂದು ದಾರಿಯಿದೆ. ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯ ಕರ್ಮವೀರ ಭಾವೂರಾವ್ ಪಾಟೀಲರ ಹೆಸರಿನಲ್ಲಿ ‘ದುಡಿಯುತ್ತಾ ಕಲಿಯಿರಿ’ ಯೋಜನೆ ನಡೆಸುತ್ತದೆ. ಗ್ರಂಥಾಲಯ, ಕಚೇರಿಯಂಥ ಕಡೆ ಕೆಲವು ಗಂಟೆ ದುಡಿದು ಖರ್ಚಿಗೆ ಸಂಪಾದಿಸಬಹುದು. ಹಗಲು ದುಡಿದು ರಾತ್ರಿ ಓದಿದವರ ಮೊಮ್ಮಕ್ಕಳಿಗೆ ಇದು ಅವಮಾನವಲ್ಲ.

ಒಂದು ವರ್ಷ ಮೊದಲೇ

ಕೊನೆಯದಾಗಿ, ಇದೆಲ್ಲವನ್ನೂ ಯಾವಾಗ ಮಾಡಬೇಕು? ಕಾಲೇಜು ಬದಲಿಸುವ ವರ್ಷದಲ್ಲಲ್ಲ, ಅದರ ಹಿಂದಿನ ವರ್ಷದಲ್ಲಿ. ದೀಪಾವಳಿಯ ರಜೆಯಲ್ಲಿ ವಾಸ್ತವ್ಯ, ಜಾತಿ, ಜಾತಿ ಸಿಂಧುತ್ವದ ಕಾಗದಗಳ ಕೆಲಸ ಹಿಡಿಯಿರಿ; ಇವು ತಿಂಗಳುಗಟ್ಟಲೆ ಹಿಡಿಯುವಂಥವು. ಹೊಸ ಆರ್ಥಿಕ ವರ್ಷ ಶುರುವಾದ ಮೇಲೆ, ಏಪ್ರಿಲ್‌ನಲ್ಲಿ, ತಹಸೀಲ್ದಾರರ ಆದಾಯ ಪ್ರಮಾಣಪತ್ರ ಮಾಡಿಸಿ. ಬ್ಯಾಂಕು ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ನೋಡಿ. ಇಲ್ಲದಿದ್ದರೆ ಮಂಜೂರಾದ ಹಣವೂ ಬಂದು ಸೇರುವುದಿಲ್ಲ. ರಾಷ್ಟ್ರೀಯ ಪೋರ್ಟಲ್ಲಿನ 14 ಅಂಕಿಗಳ ನೋಂದಣಿ ಸಂಖ್ಯೆ ಇಡೀ ಓದಿನ ಕಾಲಕ್ಕೆ ಒಂದೇ, ಅದನ್ನು ಬರೆದಿಟ್ಟುಕೊಳ್ಳಿ. ಹೊಸ ಕಾಲೇಜಿಗೆ ಕಾಲಿಟ್ಟ ವಾರವೇ ವಿದ್ಯಾರ್ಥಿವೇತನದ ಗುಮಾಸ್ತರನ್ನು ಕಂಡು, ನಿಮ್ಮ ಅರ್ಜಿಯನ್ನು ಪರಿಶೀಲಿಸಬೇಕಾದ ನೋಡಲ್ ಅಧಿಕಾರಿ ಯಾರೆಂದು ಕೇಳಿ. ಕಾಲೇಜಿನ ಪರಿಶೀಲನೆಯಿಲ್ಲದೆ ಅರ್ಜಿ ಮುಂದೆ ಹೋಗುವುದಿಲ್ಲ.

ಸೀಟು ಯಾವ ಬಗೆಯದು, ಕೋರ್ಸು ಬದಲಿಸಲು ಯಾರ ಅನುಮತಿ ಬೇಕು, ಕಾಗದದಲ್ಲಿ ನಾನು ಯಾವ ರಾಜ್ಯದವನು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಬರೆದುಕೊಂಡ ಮೇಲೆ ಟಿ.ಸಿ.ಗೆ ಅರ್ಜಿ ಹಾಕಿ. ಇಂದು ಸಂಜೆಯೇ ಮನೆಯ ಹಿರಿಯರನ್ನು ಕೂರಿಸಿಕೊಂಡು ಆ ಹಳೆಯ ಟ್ರಂಕಿನಲ್ಲಿ ಏನೇನಿದೆ ಎಂದು ಒಂದು ಪಟ್ಟಿ ಮಾಡಿ. ಯಾವ ಕಾಗದ ಯಾವ ನೆರವಿಗೆ ಆಗುತ್ತದೆಂದು ತಿಳಿಯದಿದ್ದರೆ ಆ ಪಟ್ಟಿ ಹಿಡಿದು ಸಂಘದ ಕಚೇರಿಗೆ ಬನ್ನಿ. ಕೂತು ನೋಡೋಣ.